ಉಸಿರಿನ ಕಾಯಕ: ಮಲ್ಲಿಕಾರ್ಜುನ ಮನಸೂರರ ನೆನಪು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದಂತಹ ಶುಭದಿನದಲ್ಲಿ ರೋಗದ ಮಾತನ್ನೆತ್ತುವುದು ಉಚಿತವೇ ಎಂಬ ಶಂಕೆ ನಿಮ್ಮಲ್ಲಿ ಕೆಲವರಿಗಾದರೂ ಮೂಡಬಹುದು. ಹಬ್ಬದ ಮನೆಯಲ್ಲಿ ಇಂಥ ಮಾತನ್ನು ಹೊಸ್ತಿಲಾಚೆಗೇ ನಿಲ್ಲಿಸುವುದು ನಮ್ಮ ಹಿರಿಯರ ಪದ್ಧತಿ. ಆದರೂ ನಾವು ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಮುಂಬಯಿಯ ಕನ್ನಡಿಗರ ಮನೆಗಳಿಗೆ ಊರಿನಿಂದ ಹಿಂದೆ ಬರುತ್ತಿದ್ದ ಕಾಗದಗಳಲ್ಲಿ, ಈಗ ಬರುವ ಫೋನಿನಲ್ಲಿ, ಎಷ್ಟೋ ಬಾರಿ ಒಂದೇ ಪ್ರಶ್ನೆಯಿರುತ್ತದೆ. "ಅಪ್ಪನನ್ನು ಪರೇಲಿನ ಆಸ್ಪತ್ರೆಗೆ ತೋರಿಸಬೇಕಾಗಿದೆ. ನಾಲ್ಕು ದಿನ ನಿಮ್ಮಲ್ಲಿ ಇರಲು ಅನುಕೂಲವಾದೀತೆ?" ಆ ನಾಲ್ಕು ದಿನ ನಾಲ್ಕು ತಿಂಗಳಾಗುವುದನ್ನು ನಾವೆಲ್ಲ ಬಲ್ಲೆವು. ಬಂದವರ ಕಡತದ ಮೇಲೆ ಬರೆದ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿರುವುದನ್ನೂ ಬಲ್ಲೆವು.

ಆ ಹೆಸರು ಕ್ಯಾನ್ಸರ್. ಅದನ್ನು ಹೇಳಿಯೇ ಮುಂದುವರಿಯೋಣ.

ಈ ರೋಗ ಮನೆಯ ಯಜಮಾನನಿಗೆ ಬಂದಾಗ ಅವನೊಬ್ಬನೇ ಹಾಸಿಗೆ ಹಿಡಿಯುವುದಿಲ್ಲ. ಮಕ್ಕಳ ಓದು, ಮಗಳ ಮದುವೆ, ಖೋಲಿಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ಎಲ್ಲವೂ ಅವನೊಡನೆ ಮಲಗಿಬಿಡುತ್ತವೆ. ಆಗ ಅವನಿಗೆ ಆಧಾರವಾಗುವ ಶ್ರದ್ಧೆ ಎಂತಹುದು? ಅದು ಎಲ್ಲಿಂದ ಬರುತ್ತದೆ? ಇದನ್ನು ವೇದಾಂತದ ಮಾತುಗಳಲ್ಲಿ ಬಿಡಿಸಿ ಹೇಳುವ ಶಕ್ತಿ ನಮಗಿಲ್ಲ. ಆದಕಾರಣ ಈ ನಗರದೊಡನೆಯೂ ನಂಟು ಹೊಂದಿದ್ದ ಒಬ್ಬ ಕನ್ನಡಿಗ ಸಂಸಾರವಂದಿಗರ ಬಾಳನ್ನು ನಿಮ್ಮ ಮುಂದಿಡುತ್ತೇವೆ. ಅವರು ಪಂಡಿತ ಮಲ್ಲಿಕಾರ್ಜುನ ಮನಸೂರರು.

ಹಿಂದುಸ್ತಾನಿ ಸಂಗೀತದ ದೊಡ್ಡ ಗಾಯಕರೆಂದು ಅವರನ್ನು ನೀವೆಲ್ಲ ಬಲ್ಲಿರಿ. ಅವರು 1992ರ ಸೆಪ್ಟೆಂಬರ್ 12ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರೆಂಬುದು ಇಂದಿನ ತರುಣರಲ್ಲಿ ಹಲವರಿಗೆ ತಿಳಿದಿರಲಾರದು. ಉಸಿರನ್ನೇ ಬಂಡವಾಳವಾಗಿಟ್ಟುಕೊಂಡು ಬಾಳಿದ ಮನುಷ್ಯನಿಗೆ ಉಸಿರಿನ ಚೀಲಕ್ಕೇ ರೋಗ ತಗುಲಿತು. ವಿಧಿಯ ಕ್ರೌರ್ಯವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅವರು ಬಾಳಿದ ರೀತಿಯನ್ನು ಮೊದಲಿನಿಂದ ನೋಡಿದರೆ ನಮಗೆ ಕಲಿಯುವುದು ಬಹಳವಿದೆ.

ಧಾರವಾಡದ ಹತ್ತಿರ ಮನಸೂರ ಎಂಬ ಹಳ್ಳಿ. ಅಲ್ಲಿ 1910ರ ಡಿಸೆಂಬರ್ 31ರಂದು ಒಕ್ಕಲುತನದ ಮನೆಯಲ್ಲಿ ಮಲ್ಲಿಕಾರ್ಜುನರು ಹುಟ್ಟಿದರು. ತಂದೆ ಭೀಮರಾಯಪ್ಪನವರು, ತಾಯಿ ನೀಲಮ್ಮನವರು. ಅಣ್ಣ ಬಸವರಾಜರು ನಾಟಕದವರು. ಅವರ ಬೆನ್ನಿಗೆ ಬಿದ್ದು ಈ ಹುಡುಗನೂ ಸಣ್ಣ ವಯಸ್ಸಿನಲ್ಲೇ ರಂಗದ ಮೇಲೆ ಬಂದ. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಅನಂತರ ಮಿರಜದಲ್ಲಿ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣವಾಯಿತು. ಗುರುವಿನ ಮನೆಯಲ್ಲಿದ್ದು, ಹೇಳಿದ ಕೆಲಸ ಮಾಡಿ, ಹೇಳಿಕೊಟ್ಟುದನ್ನು ನೂರು ಬಾರಿ ತಿದ್ದಿಕೊಂಡು ಕಲಿಯುತ್ತಿದ್ದ ಕಾಲವದು.

ಮುಂದಿನ ದಾರಿ ಮುಂಬಯಿಗೆ ಬಂತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತಲ್ಲವೇ? ಉದ್ಯೋಗಕ್ಕೆ, ನ್ಯಾಯಾಲಯಕ್ಕೆ, ವಿದ್ಯೆಗೆ ಆ ಭಾಗದ ಜನ ಮುಖ ಮಾಡುತ್ತಿದ್ದುದು ಇತ್ತಲೇ. ಸಂಗೀತಗಾರರೂ ಇಲ್ಲಿಗೇ ಬಂದರು. ಗ್ರಾಮಫೋನ್ ತಟ್ಟೆಗಳ ವ್ಯವಹಾರವೂ, ಹಾಡು ಕೇಳಿ ಹಣ ಕೊಡುವ ಜನರೂ ಇಲ್ಲಿದ್ದರು. 1930ರ ದಶಕದಲ್ಲಿ ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ತಟ್ಟೆಗಳ ಮೂಲಕ ಮನಸೂರರ ದನಿ ಮನೆಮನೆಗೆ ಮುಟ್ಟಿತು. ಹೆಸರು ಬಂದಿತ್ತು, ಸಂಪಾದನೆಯ ದಾರಿಯೂ ತೆರೆದಿತ್ತು.

ಆ ಹೊತ್ತಿನಲ್ಲಿ ಅವರು ಮತ್ತೆ ಶಿಷ್ಯರಾದರು. ಜೈಪುರ-ಅತ್ರೌಲಿ ಘರಾಣೆಯ ಉಸ್ತಾದ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಕುಳಿತು ಹೊಸದಾಗಿ ಕಲಿಯತೊಡಗಿದರು. ಒಂದೂವರೆ ವರುಷ ಕಳೆಯುವಷ್ಟರಲ್ಲಿ, 1937ರಲ್ಲಿ, ಮಂಜೀಖಾನರು ತೀರಿಕೊಂಡರು. ಆಗ ತಾನೇ ತೆರೆದ ಬಾಗಿಲು ಮುಚ್ಚಿಕೊಂಡಂತಾಯಿತು. ಇನ್ನೊಬ್ಬರಾಗಿದ್ದರೆ ಬಂದಷ್ಟೇ ಸಾಕೆಂದು ಕಚೇರಿಗಳನ್ನು ಮಾಡಿಕೊಂಡಿರುತ್ತಿದ್ದರೋ ಏನೋ. ಮನಸೂರರು ಮಂಜೀಖಾನರ ತಮ್ಮ ಬುರ್ಜೀಖಾನರನ್ನು ಆಶ್ರಯಿಸಿ ಪಾಠವನ್ನು ಮುಂದುವರಿಸಿದರು. ಕೊರಳಲ್ಲಿ ಲಿಂಗ ಧರಿಸಿದ ಶಿವಭಕ್ತರಿಗೆ ಮುಸಲ್ಮಾನ ಉಸ್ತಾದರು ಗುರುಗಳಾದರು. ಇದರಲ್ಲಿ ಅವರಿಗೂ ವಿಶೇಷವೇನೂ ಕಾಣಲಿಲ್ಲ, ಗುರುಗಳಿಗೂ ಕಾಣಲಿಲ್ಲ. ಈ ಊರಿನಲ್ಲಿ ಹತ್ತು ಭಾಷೆ ಹತ್ತು ಮತಗಳ ನೆರೆಹೊರೆಯಲ್ಲಿ ಬಾಳುವ ನಮಗೆ ಈ ಮಾತು ಹೆಚ್ಚು ವಿವರಿಸಬೇಕಾದುದಲ್ಲ.

ಇನ್ನು ಅವರ ಸಂಸಾರ. ಪತ್ನಿ ಗಂಗಮ್ಮನವರು, ಏಳು ಹೆಣ್ಣುಮಕ್ಕಳು, ಒಬ್ಬ ಮಗ. ತಾಯಂದಿರೆ, ಈ ಲೆಕ್ಕದ ಭಾರ ನಿಮಗೆ ಬೇಗ ತಿಳಿಯುತ್ತದೆ. ತಿಂಗಳ ಸಂಬಳವಿಲ್ಲದ ಕಲಾವಿದನ ಮನೆಯಲ್ಲಿ ಎಂಟು ಮಕ್ಕಳನ್ನು ಸಾಕಿ ದಡ ಸೇರಿಸುವುದೆಂದರೆ ಯಾವ ರಾಗದ ಸಾಧನೆಗೂ ಕಡಿಮೆಯದಲ್ಲ. ದೇಶ ಅವರನ್ನು ದೊಡ್ಡದಾಗಿ ಗುರುತಿಸಿದ್ದೂ ತಡವಾಗಿಯೇ. ಪದ್ಮಶ್ರೀ ಬಂದುದು 1970ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ಸಮೀಪಿಸಿತ್ತು. ಅದಕ್ಕೆ ಮೊದಲಿನ ವರುಷಗಳಲ್ಲಿ ಕಚೇರಿಗಳು, ತಟ್ಟೆಗಳ ಕೆಲಸ, ಧಾರವಾಡ ಆಕಾಶವಾಣಿಯ ಸಲಹೆಗಾರಿಕೆ, ಇವುಗಳ ನಡುವೆ ಮನೆಯನ್ನು ತೂಗಿಸಿಕೊಂಡು ಬಂದರು. ಸಂಗೀತಕ್ಕಾಗಿ ಸಂಸಾರವನ್ನು ಕೈಬಿಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮನಸೂರರು ಎರಡನ್ನೂ ಹೊತ್ತರು.

ಮಗ ರಾಜಶೇಖರ ಮನಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡು ತಂದೆಯ ಹಿಂದೆ ಕುಳಿತು ದನಿಗೂಡಿಸಿದರು. ತಂದೆಯ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಇಂಗ್ಲಿಷಿಗೆ ತಂದರು. ಅವರು 2022ರಲ್ಲಿ ತೀರಿಕೊಂಡರು. ಮಗಳು ನೀಲಾ ಕೊಡ್ಲಿಯವರೂ ತಂದೆಯ ಗಾಯನವನ್ನು ಮುಂದುವರಿಸಿದವರು. ಮಕ್ಕಳು ತಂದೆಯ ಹಿಂದೆ ತಂಬೂರಿ ಹಿಡಿದು ಕುಳಿತ ಮನೆಯಲ್ಲಿ ಪ್ರೀತಿಯ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಅವರ ಶ್ರದ್ಧೆಯ ಮಾತಿಗೆ ಬರೋಣ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಚಲವಾದ ಭಕ್ತಿ. ಬಡ ವಿದ್ಯಾರ್ಥಿಗಳಿಗೆ ಅನ್ನವಿಟ್ಟು ಓದಿಸಿದ ಮಠವದು. ಮನಸೂರರ ಮನೆಯ ಹೆಸರೂ 'ಮೃತ್ಯುಂಜಯ'. ಆ ಮನೆ ಈಗ ಅವರ ಸ್ಮಾರಕವಾಗಿದೆ. ಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ಅವರು ಹಿಂದುಸ್ತಾನಿ ರಾಗಗಳಲ್ಲಿ ಅಳವಡಿಸಿ ಹಾಡಿದರು. ಅವರ ಹಾಡುಗಾರಿಕೆಯಲ್ಲಿ ಕಚೇರಿ ಬೇರೆ, ಪೂಜೆ ಬೇರೆ ಎಂಬ ಗೆರೆ ಇರಲಿಲ್ಲವೆಂದು ಕೇಳಿದವರು ಹೇಳುತ್ತಾರೆ. ಧ್ವನಿಮುದ್ರಿಕೆಗಳನ್ನು ಕೇಳುವ ನಮಗೂ ಹಾಗೆಯೇ ಅನಿಸುತ್ತದೆ.

ಶರಣರು ಕಾಯಕವೆಂಬ ದೊಡ್ಡ ಮಾತನ್ನು ನಮಗೆ ಬಿಟ್ಟು ಹೋಗಿದ್ದಾರೆ. ನೇಯುವವನಿಗೆ ನೇಯ್ಗೆ, ಉಳುವವನಿಗೆ ಉಳುಮೆ, ದೋಣಿ ನಡೆಸುವವನಿಗೆ ದೋಣಿಯೇ ಪೂಜೆ. ಮನೆ ಮಠ ಬಿಟ್ಟು ಕಾಡಿಗೆ ಹೋಗಬೇಕಾಗಿಲ್ಲ. ಹೆಂಡತಿ ಮಕ್ಕಳ ನಡುವೆಯೇ, ಬೆವರಿನ ಅನ್ನದಲ್ಲೇ, ದೇವರನ್ನು ಕಾಣಬಹುದು. ಮನಸೂರರ ಕಾಯಕ ಉಸಿರಿನದು. ಜೈಪುರ ಘರಾಣೆಯ ಗಾಯನಕ್ಕೆ ದೀರ್ಘವಾದ, ಹದವಾದ ಉಸಿರು ಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದೆ ಹೆಣೆಯುತ್ತ, ತಾಳದ ಪ್ರತಿ ಮಾತ್ರೆಯನ್ನೂ ಮುಟ್ಟುತ್ತ, ಸಮಕ್ಕೆ ಬಂದು ಸೇರುವವರೆಗೆ ಸಡಿಲಬಾರದು. ಶಿವಮತ ಭೈರವ, ಬಹಾದುರಿ ತೋಡಿ, ಲಚ್ಛಾಸಾಖ್ ಮುಂತಾದ ಅಪೂರ್ವ ರಾಗಗಳನ್ನು ಅವರು ಮನೆಮಾತಿನಷ್ಟು ಸಲೀಸಾಗಿ ಹಾಡುತ್ತಿದ್ದುದು ಈ ಉಸಿರಿನ ಬಲದಿಂದ. ದಿನದಿನವೂ ತಪ್ಪದೆ ಮಾಡಿದ ಸಾಧನೆಯ ಫಲವದು.

ಇಂತಹ ಉಸಿರಿಗೆ ರೋಗ ಬಂತು. ವಯಸ್ಸು ಎಂಬತ್ತು ದಾಟಿತ್ತು. 1992ರಲ್ಲಿ ಸರಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ಕೊಟ್ಟಿತು; ದೇಶದ ಎರಡನೆಯ ದೊಡ್ಡ ನಾಗರಿಕ ಗೌರವವದು. ಅದೇ ವರುಷ ಅವರು ಹೊರಟುಹೋದರು. ದೇಹ ಸೋಲುತ್ತ ಬಂದ ಕಾಲದಲ್ಲೂ ಹಾಡನ್ನವರು ಬಿಡಲಿಲ್ಲ. ಹಾಡು ಅವರಿಗೆ ಉದ್ಯೋಗವೊಂದೇ ಆಗಿದ್ದರೆ ನಿವೃತ್ತಿಯ ವಯಸ್ಸಿಗೆ ಮುಗಿಯುತ್ತಿತ್ತು. ಕೀರ್ತಿಯ ಸಾಧನವಾಗಿದ್ದರೆ ಪ್ರಶಸ್ತಿ ಬಂದ ದಿನ ಮುಗಿಯುತ್ತಿತ್ತು. ಪೂಜೆಯಾಗಿದ್ದುದರಿಂದ ಉಸಿರಿರುವವರೆಗೆ ನಡೆಯಿತು.

ನಮ್ಮ ತಿಳಿವಳಿಕೆಗೆ ತೋರುವುದು ಇದು: ಕಷ್ಟಕಾಲದ ಶ್ರದ್ಧೆಯನ್ನು ಕಷ್ಟ ಬಂದ ದಿನ ಹೊಸದಾಗಿ ತಂದುಕೊಳ್ಳಲು ಆಗುವುದಿಲ್ಲ. ಬಾವಿಗೆ ನೀರು ಬೇಸಗೆಯಲ್ಲಿ ಬರುವುದಲ್ಲ, ಮಳೆಗಾಲದಲ್ಲಿ ಇಳಿದದ್ದು ಬೇಸಗೆಗೆ ಒದಗುತ್ತದೆ. ಗುರುವಿನ ಮರಣವನ್ನು ಸಹಿಸಿ ಮತ್ತೆ ಪಾಠಕ್ಕೆ ಕುಳಿತ ಮನುಷ್ಯ, ಎಂಟು ಮಕ್ಕಳ ಭಾರ ಹೊತ್ತು ದಿನವೂ ಸಾಧನೆ ಬಿಡದ ಮನುಷ್ಯ, ರೋಗದ ಮುಂದೆ ನಿಲ್ಲಲು ಕಲಿತದ್ದು ಆ ವರುಷಗಳಲ್ಲಿಯೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮನಸೂರರು ಬೀಡಿ ಸೇದುತ್ತಿದ್ದರು. ಅವರನ್ನು ಕಂಡವರ ನೆನಪುಗಳಲ್ಲಿ ಆ ಬೀಡಿಯೂ ಇದೆ. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಅತಿ ದೊಡ್ಡ ಕಾರಣವೆಂದು ವೈದ್ಯಶಾಸ್ತ್ರ ನಿಸ್ಸಂದೇಹವಾಗಿ ಹೇಳುತ್ತದೆ. ಬೀಡಿ ಸಣ್ಣದು, ಎಲೆಯದು, ಆದ್ದರಿಂದ ನಿರಪಾಯವೆಂಬುದು ಬರಿಯ ಭ್ರಮೆ. ಹಿರಿಯರ ಹೆಸರಿಗೆ ಕುಂದೆಂದು ಇದನ್ನು ಮರೆಮಾಡಿದರೆ ಅವರಿಗೆ ಗೌರವವಾಗದು, ನಮಗೆ ಹಾನಿಯಾದೀತು. ನಿಪ್ಪಾಣಿಯ ಹೊಲಗಳಲ್ಲಿ ತಂಬಾಕು ಬೆಳೆದ ಜನ ನಾವು. ತುಳುನಾಡಿನ ಜಗಲಿಗಳಲ್ಲಿ ಬೀಡಿ ಕಟ್ಟಿ ಮಕ್ಕಳ ಶಾಲೆಯ ಫೀ ತುಂಬಿದ ತಾಯಂದಿರ ಮಕ್ಕಳು ಈ ಸಭೆಯಲ್ಲಿಯೂ ಇದ್ದಾರೆ. ಆ ತಾಯಂದಿರ ದುಡಿಮೆಗೆ ಕೈಮುಗಿಯೋಣ. ಆ ಬೀಡಿಯನ್ನು ಮಾತ್ರ ಬಾಯಿಗಿಡದಿರೋಣ. ಗಾಡಿ ಹಿಡಿಯುವ ಅವಸರದಲ್ಲಿ ಗುಟಕಾ, ಕೈಯಲ್ಲಿ ತಿಕ್ಕಿದ ಸುಣ್ಣ ತಂಬಾಕು, ರಾತ್ರಿಪಾಳಿಯ ಸಿಗರೇಟು, ಇವೆಲ್ಲ ಒಂದೇ ಮನೆತನದವು.

ರೋಗವನ್ನು ಪಾಪದ ಫಲವೆಂದು ಹೇಳುವವರು ಈಗಲೂ ಇದ್ದಾರೆ. ಅಂಥವರಿಗೆ ಎರಡು ಹೆಸರುಗಳನ್ನು ನೆನಪಿಸಬೇಕು. ಶ್ರೀರಾಮಕೃಷ್ಣ ಪರಮಹಂಸರು 1886ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ದೇಹಬಿಟ್ಟರು. ಅವರಿಗೆ ಚಿಕಿತ್ಸೆ ಮಾಡಿದವರು ಡಾಕ್ಟರ್ ಮಹೇಂದ್ರಲಾಲ ಸರಕಾರರು. ಶ್ರೀ ರಮಣ ಮಹರ್ಷಿಗಳ ಎಡತೋಳಿನಲ್ಲಿ ಗೆಡ್ಡೆ ಬಂದು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆದು, 1950ರ ಏಪ್ರಿಲ್ 14ರಂದು ಅವರು ಶಾಂತರಾದರು. ಇವರಿಗಿಂತ ಪುಣ್ಯವಂತರನ್ನು ಎಲ್ಲಿ ಹುಡುಕೋಣ? ಇಬ್ಬರೂ ವೈದ್ಯರನ್ನು ಹತ್ತಿರ ಬಿಟ್ಟುಕೊಂಡರೆಂಬುದನ್ನು ಗಮನಿಸಿರಿ. ದೇವರನ್ನು ನಂಬಿದವನು ಔಷಧಿಯನ್ನು ನಂಬಬಾರದೆಂದು ಯಾವ ಮಹಾತ್ಮರೂ ಹೇಳಲಿಲ್ಲ. ಹರಕೆ ಹೊರುವುದಾದರೆ ಹೊರಿರಿ. ಆದರೆ ಹರಕೆ ತೀರಿಸಿ ಬಂದ ಮೇಲೆ ತೋರಿಸೋಣವೆಂದು ಡಾಕ್ಟರರನ್ನು ಕಾಯಿಸಬೇಡಿರಿ. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಎಲ್ಲಿಯೋ ಕೈಗೆ ಸಿಕ್ಕುವ ಗಂಟು, ಇವು ಕಂಡರೆ ಅಂದೇ ತೋರಿಸಬೇಕು. ಬೇಗ ಹಿಡಿದರೆ ವಾಸಿಯಾಗುವ ಕ್ಯಾನ್ಸರುಗಳು ಇಂದು ಎಷ್ಟೋ ಇವೆ.

ಈ ಮಾತನ್ನು ಮುಖ್ಯವಾಗಿ ಗಂಡಸರಿಗೆ ಹೇಳುತ್ತಿದ್ದೇವೆ. ಸಂಸಾರದ ಮೇಲಿನ ಪ್ರೀತಿಯಿಂದಲೇ ರೋಗವನ್ನು ಮುಚ್ಚಿಟ್ಟುಕೊಳ್ಳುವ ಯಜಮಾನರು ನಮ್ಮಲ್ಲಿ ಬಹಳ. ಮಗನ ಪರೀಕ್ಷೆ ಮುಗಿಯಲಿ, ಮಗಳ ಮದುವೆಯಾಗಲಿ, ಊರಿನ ಸಾಲ ತೀರಲಿ ಎಂದು ದಿನ ತಳ್ಳುತ್ತಾರೆ. ಇದನ್ನವರು ತ್ಯಾಗವೆಂದು ಭಾವಿಸುತ್ತಾರೆ. ಆದರೆ ಉಳಿಸಿದ ಹಣಕ್ಕಿಂತ ಹೆಚ್ಚಿನ ಹಣವೂ, ಹಣದಿಂದ ಬಾರದ ದಿನಗಳೂ, ಆ ತಡದಲ್ಲಿ ಕಳೆದುಹೋಗುತ್ತವೆ. ಹೆಂಡತಿಗೆ ಹೇಳಿರಿ. ಬೆಳೆದ ಮಕ್ಕಳಿಗೆ ಹೇಳಿರಿ. ಹಾಗೆಯೇ ಮನೆಯವರೂ ರೋಗಿಯಿಂದ ರೋಗದ ಹೆಸರನ್ನು ಬಚ್ಚಿಡುವುದನ್ನು ಬಿಡಬೇಕು. ಎಲ್ಲರಿಗೂ ಗೊತ್ತಿದ್ದು ಅವನೊಬ್ಬನಿಗೆ ಗೊತ್ತಿಲ್ಲವೆಂಬ ನಾಟಕದಲ್ಲಿ ಅವನು ಒಂಟಿಯಾಗುತ್ತಾನೆ. ತನ್ನ ಪ್ರಾರ್ಥನೆಯನ್ನು ತಾನು ಮಾಡಿಕೊಳ್ಳುವ, ಮಕ್ಕಳಿಗೆ ಹೇಳಬೇಕಾದುದನ್ನು ಹೇಳುವ ಅವಕಾಶವೂ ಅವನಿಗೆ ತಪ್ಪಿಹೋಗುತ್ತದೆ.

ಮುಂಬಯಿಯ ಕನ್ನಡಿಗರಾದ ನಮ್ಮ ಹೊಣೆ ಇನ್ನೊಂದಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಹುಟ್ಟಿದ್ದೇ ಒಂದು ಮನೆಯ ದುಃಖದಿಂದ. ಮೆಹೆರಬಾಯಿ ಟಾಟಾ ಅವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪತಿ ದೊರಾಬಜಿ ಟಾಟಾ ಅವರೂ ಮರುವರುಷ ಕಣ್ಮುಚ್ಚಿದರು. ಅವರ ಹೆಸರಿನ ವಿಶ್ವಸ್ಥ ಮಂಡಳಿಯವರು ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. ಅಂದಿನಿಂದ ದೇಶದ ಮೂಲೆಮೂಲೆಯ ರೋಗಿಗಳು ಅಲ್ಲಿಗೆ ಬರುತ್ತಿದ್ದಾರೆ. ಕಲಬುರ್ಗಿ, ವಿಜಯಪುರ, ಬೆಳಗಾವಿ, ಉತ್ತರ ಕನ್ನಡಗಳಿಂದ ಬರುವವರೂ ಇದ್ದಾರೆ. ಈಗ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಮಣಿಪಾಲದಲ್ಲಿ ಚಿಕಿತ್ಸೆಯಿದೆ. ಎಲ್ಲರೂ ಇಷ್ಟು ದೂರ ಬರಬೇಕಾಗಿಲ್ಲ. ಆದರೂ ಬರುವವರು ಬರುತ್ತಾರೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂತಹ ಪುಣ್ಯದ ತಾಣಗಳು ಎಷ್ಟೋ ಮಂದಿಗೆ ನೆರಳು ಕೊಟ್ಟಿವೆ. ಅಲ್ಲಿ ಜಾಗ ಸಿಗದೆ ಆಸ್ಪತ್ರೆಯ ಹೊರಗಿನ ಕಾಲುದಾರಿಯಲ್ಲೇ ಒಲೆ ಹೂಡಿದ ಸಂಸಾರಗಳನ್ನು ದಾಟಿಕೊಂಡು ನಾವು ಕಚೇರಿಗೆ ಹೋಗಿದ್ದೇವೆ.

ನಮ್ಮ ಮನೆ ದೊಡ್ಡದಲ್ಲ ನಿಜ. ಡೊಂಬಿವಲಿಯ ಎರಡು ಕೋಣೆಯಲ್ಲಿ, ಭಾಂಡುಪಿನ ಚಾಳಿನಲ್ಲಿ, ಇನ್ನೊಬ್ಬರಿಗೆ ಚಾಪೆ ಹಾಸುವುದು ಕಷ್ಟ. ಆದರೆ ಕೊಡಬಹುದಾದುದು ಚಾಪೆಯೊಂದೇ ಅಲ್ಲ. ಊರಿನಿಂದ ಬಂದ ರೈತನಿಗೆ ಮರಾಠಿ ಬಾರದು, ಹಿಂದಿ ಬಾರದು. ಯಾವ ಕಿಟಕಿಯಲ್ಲಿ ಚೀಟಿ, ಯಾವ ಮಹಡಿಯಲ್ಲಿ ರಕ್ತಪರೀಕ್ಷೆ, ಡಾಕ್ಟರರು ಹೇಳಿದ್ದೇನು, ಇದನ್ನು ಅವನ ಮಾತಿನಲ್ಲಿ ಹೇಳುವ ಒಬ್ಬ ಕನ್ನಡಿಗ ಪಕ್ಕದಲ್ಲಿದ್ದರೆ ಅವನ ಅರ್ಧ ಭಯ ಇಳಿಯುತ್ತದೆ. ಒಂದು ಡಬ್ಬಿ ಜೋಳದ ರೊಟ್ಟಿ, ಮೆತ್ತಗೆ ಬೇಯಿಸಿದ ಗಂಜಿ, ಒಂದು ಬಾಟಲಿ ರಕ್ತ, ಇವು ಯಾವ ಮನೆಗೂ ಮಿಗಿಲಲ್ಲ. ರಾಜ್ಯೋತ್ಸವದಂದು ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ಹೇಳುತ್ತೇವೆ. ಹೆದರಿದವನ ಕಿವಿಯಲ್ಲಿ ಆಡಿದ ನಾಲ್ಕು ಕನ್ನಡ ಮಾತುಗಳಲ್ಲಿ ಕನ್ನಡ ಉಳಿಯುವಷ್ಟು ನಮ್ಮ ಧ್ವನಿವರ್ಧಕಗಳಲ್ಲಿ ಉಳಿಯಲಾರದು. ನಮ್ಮ ಸಂಘದ ತರುಣರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಈ ಸೇವೆ ಮಾಡಬೇಕೆಂದು ನಮ್ಮ ಬಿನ್ನಹ.

ಶ್ರದ್ಧೆಯೆಂದರೆ ಗುಣವಾಗಲೇಬೇಕೆಂದು ದೇವರೊಡನೆ ಮಾಡಿಕೊಳ್ಳುವ ಕರಾರಲ್ಲ. ಮನಸೂರರ ಮನೆಗೆ ಮೃತ್ಯುಂಜಯವೆಂದು ಹೆಸರಿದ್ದರೂ ಮೃತ್ಯು ಆ ಮನೆಗೂ ಬಂತು. ಬಂದ ಸಾವು ದೇಹವನ್ನು ಕೊಂಡೊಯ್ದಿತು. ಆ ದೇಹ ಎಂಬತ್ತು ವರುಷ ಮಾಡಿದ ಕಾಯಕವನ್ನು, ಮಕ್ಕಳಿಗೆ ಕೊಟ್ಟ ವಿದ್ಯೆಯನ್ನು, ಗುರುಗಳಿಗೆ ಸಲ್ಲಿಸಿದ ಋಣವನ್ನು ಮುಟ್ಟಲು ಅದಕ್ಕೆ ಆಗಲಿಲ್ಲ. ಇಂದಿಗೂ ಯಾರೋ ಒಬ್ಬರ ಮನೆಯಲ್ಲಿ ಬೆಳಗಿನ ಹೊತ್ತು ಆ ಉಸಿರು ಭೈರವದಲ್ಲಿ ತುಂಬಿಕೊಳ್ಳುತ್ತದೆ.

ನಮಗೆಲ್ಲ ಅಂತಹ ಕಂಠವಿಲ್ಲ. ಆದರೆ ಪ್ರತಿಯೊಬ್ಬನಿಗೂ ಒಂದು ಕಾಯಕವಿದೆ, ಒಂದು ಮನೆಯಿದೆ, ನಂಬಿದ ಒಂದು ದೈವವಿದೆ. ಸುಖದ ದಿನಗಳಲ್ಲೇ ಈ ಮೂರನ್ನೂ ಒಟ್ಟಿಗೆ ಹಿಡಿದು ನಡೆಯುವುದನ್ನು ಕಲಿಯೋಣ. ಕಷ್ಟದ ದಿನ ಬಂದರೆ, ವೈದ್ಯನ ಕೈಯನ್ನೂ ಬಿಡದೆ, ದೇವರ ಪಾದವನ್ನೂ ಬಿಡದೆ, ಹೆಂಡತಿ ಮಕ್ಕಳ ನಡುವೆ ತಲೆಯೆತ್ತಿ ನಿಲ್ಲುವ ಬಲ ನಮಗೆ ಬರಲಿ. ಇಂದು ಪರೇಲಿನ ಹಾಸಿಗೆಗಳಲ್ಲಿ ಮಲಗಿರುವ ನಮ್ಮವರಿಗೂ ಪರರಿಗೂ ಆ ಬಲ ಬರಲಿ ಎಂದು ಹಾರೈಸುತ್ತೇವೆ.